ತಮ್ಮನನ್ನು ಕೆಲವು ದಿನ ಯಾರ ಕೈಗೆ ಒಪ್ಪಿಸೋದು? ನಾವು ನೋಡಿದ ಮೂರು ದಾರಿ

ನನ್ನ ತಮ್ಮನಿಗೆ ಮೂವತ್ತು ದಾಟಿದೆ. ಬೌದ್ಧಿಕ ಅಂಗವೈಕಲ್ಯ ಇದೆ, ಜೊತೆಗೆ ಫಿಟ್ಸ್. ಮಾತು ಕಡಿಮೆ, ಆದರೆ ಏನು ಬೇಕು, ಏನು ಬೇಡ ಅನ್ನೋದು ಅವನಿಗೆ ಚೆನ್ನಾಗಿ ಗೊತ್ತು. ಅಮ್ಮನಿಗೆ ವಯಸ್ಸಾಗ್ತಾ ಬಂದ ಹಾಗೆ ಆಗಾಗ ಕೆಲವು ದಿನ ಅವನನ್ನು ಬೇರೆಯವರು ನೋಡಿಕೊಳ್ಳಬೇಕಾಗುತ್ತೆ. ರೆಸ್ಪೈಟ್ ಕೇರ್ ಅಂತಾರಲ್ಲ, ಅದು. ಬೆಂಗಳೂರಿನಲ್ಲಿ ನಾವು ಮೂರು ಬಗೆ ನೋಡಿದೆವು: ಊರಾಚೆಯ ದೊಡ್ಡ ಸಂಸ್ಥೆ, ಕೆಲವು ಪೋಷಕರು ಸೇರಿ ಬಾಡಿಗೆ ಮನೆಯಲ್ಲಿ ನಡೆಸುವ ಗ್ರೂಪ್ ಹೋಮ್, ಏಜೆನ್ಸಿ ಮೂಲಕ ಮನೆಗೇ ಬರುವ ಅಟೆಂಡರ್.

ಹಗಲಿನಲ್ಲಿ ನೋಡಿದರೆ ದೊಡ್ಡ ಸಂಸ್ಥೆಯೇ ಮೇಲು. ವಿಶಾಲ ಜಾಗ, ಫಿಸಿಯೋಥೆರಪಿ ಕೋಣೆ, ತೋಟದ ಕೆಲಸ, ನರ್ಸ್. ಕಾಗದಪತ್ರವೂ ಅಚ್ಚುಕಟ್ಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಇಂಥ ಸಂಸ್ಥೆ ನೋಂದಣಿ ಮಾಡಿಸಿ, ಪ್ರಮಾಣಪತ್ರವನ್ನು ಎದ್ದು ಕಾಣುವಂತೆ ಹಾಕಬೇಕು. ಅಲ್ಲಿ ಬಾಗಿಲಲ್ಲೇ ಹಾಕಿದ್ದರು. ಗ್ರೂಪ್ ಹೋಮ್‌ನಲ್ಲಿ ಕೇಳಿದ ಮೇಲೆ ಫೈಲಿನಿಂದ ತೆಗೆದು ತೋರಿಸಿದರು. ಗೋಡೆಗೆ ಹಾಕಿ ಅಂತ ಹೇಳಿ ಬಂದಿದ್ದೇನೆ.

ಆದರೆ ರಾತ್ರಿ ಎಂಟರ ಮೇಲೆ ಆ ದೊಡ್ಡ ಜಾಗವೇ ಬೇರೆ. ಇಡೀ ಹಾಲ್‌ಗೆ ಒಬ್ಬರೇ ಸಹಾಯಕರು. ನರ್ಸ್ ಮನೆಗೆ ಹೋಗಿರುತ್ತಾರೆ. ತಮ್ಮ ಅಲ್ಲಿ ಇದ್ದು ವಾಪಸ್ ಬಂದಾಗ ಬ್ಯಾಗ್ ಬಿಚ್ಚಿದೆ. ಫಿಟ್ಸ್ ಮಾತ್ರೆ ನಾನು ಲೆಕ್ಕ ಹಾಕಿ ಕೊಟ್ಟಿದ್ದೆ. ಬೆಳಗಿನ ಸ್ಟ್ರಿಪ್ ಖಾಲಿ, ರಾತ್ರಿಯ ಸ್ಟ್ರಿಪ್‌ನಲ್ಲಿ ಮಾತ್ರೆ ಮಿಕ್ಕಿತ್ತು. ಫೋನ್ ಮಾಡಿ ಕೇಳಿದೆ. "ಅವರು ಮಲಗಿಬಿಟ್ಟಿದ್ರು ಮೇಡಂ, ಎಬ್ಬಿಸಲಿಲ್ಲ" ಅಂದರು. ಫಿಟ್ಸ್ ಮಾತ್ರೆ ತಪ್ಪಿದರೆ ಫಿಟ್ಸ್ ಬರುವ ಅಪಾಯ ಜಾಸ್ತಿ. ಇದನ್ನು ನಾವು ಅವರಿಗೆ ಹೇಳಿಕೊಡಬೇಕಾ? ನನಗೆ ಇವತ್ತಿಗೂ ಸಿಟ್ಟಿದೆ.

ಅದಾದ ಮೇಲೆ ಎಲ್ಲೇ ಹೋದರೂ ನನ್ನ ಮೊದಲ ಪ್ರಶ್ನೆ ಒಂದೇ: ಫಿಟ್ಸ್ ಬಂದ್ರೆ ಏನು ಮಾಡ್ತೀರಿ? ಮ್ಯಾನೇಜರನ್ನಲ್ಲ, ರಾತ್ರಿ ಮಲಗೋರನ್ನೇ ಕೇಳ್ತೀನಿ. ದೊಡ್ಡ ಸಂಸ್ಥೆಗೆ ಮತ್ತೆ ಹೋಗಿ ಕೇಳಿದಾಗ ರಾತ್ರಿ ಸಹಾಯಕರು ಕೈಗೆ ಬೀಗದ ಕೈ ಕೊಡ್ತೀವಿ ಅಂದರು. ಏಜೆನ್ಸಿಯಿಂದ ಬಂದ ಹುಡುಗ ಬಾಯಿಗೆ ಚಮಚ ಇಡ್ತೀನಿ ಅಂದ. ಅದರಿಂದ ಹಲ್ಲು ಮುರಿಯಬಹುದು, ಉಸಿರೇ ಕಟ್ಟಬಹುದು. ಗ್ರೂಪ್ ಹೋಮ್‌ನಲ್ಲಿ ಅಡುಗೆ ಮಾಡುವ ಅಕ್ಕ ಈರುಳ್ಳಿ ಹೆಚ್ಚುತ್ತಲೇ ಹೇಳಿದರು: "ಪಕ್ಕಕ್ಕೆ ಮಲಗಿಸ್ತೀವಿ, ಬಾಯಿಗೆ ಏನೂ ಹಾಕಲ್ಲ, ಗಡಿಯಾರ ನೋಡ್ತೀವಿ. ಐದು ನಿಮಿಷ ದಾಟಿದ್ರೆ 108ಕ್ಕೆ ಫೋನ್." ನನ್ನ ಮನಸ್ಸು ಅಲ್ಲೇ ತೀರ್ಮಾನ ಮಾಡಿಬಿಟ್ಟಿತು.

ಆ ಮನೆಯಲ್ಲಿ ಇನ್ನೊಂದು ಒಳ್ಳೆಯ ಪದ್ಧತಿ ಇದೆ. ಮೊದಲು ತಮ್ಮನನ್ನು ಸುಮ್ನೆ ಸಂಜೆ ಕಾಫಿಗೆ ಕರೆದರು. ಆಮೇಲೆ ಒಂದು ರಾತ್ರಿ ಇರಿಸಿಕೊಂಡರು. ನಮ್ಮನ್ನು ಕೂರಿಸಿಕೊಂಡು ಅವನಿಗೆ ಏನು ಇಷ್ಟ, ಏನಾದರೆ ಭಯ, ನೋವಾದರೆ ಹೇಗೆ ತೋರಿಸ್ತಾನೆ ಅಂತ ಕೇಳಿದರು. ಅವನು ನೋವಾದಾಗ ಗದ್ದ ತಟ್ಟಿಕೊಳ್ಳುತ್ತಾನೆ. ಅದನ್ನು ಚೀಟಿಯಲ್ಲಿ ಬರೆದು ಫ್ರಿಡ್ಜ್ ಬಾಗಿಲಿಗೆ ಅಂಟಿಸಿದ್ದರು. ದೊಡ್ಡ ಸಂಸ್ಥೆಯ ಉದ್ದದ ಫಾರಂನಲ್ಲಿ ಇದಕ್ಕೆ ಒಂದು ಗೆರೆಯೂ ಇರಲಿಲ್ಲ.

ಗ್ರೂಪ್ ಹೋಮ್‌ನ ತೊಂದರೆಯೂ ಸಣ್ಣದಲ್ಲ. ಖಾಯಂ ಇರುವವರಲ್ಲಿ ಯಾರಾದರೂ ಊರಿಗೆ ಹೋದರೆ ಮಾತ್ರ ಹಾಸಿಗೆ ಖಾಲಿ. ಅರ್ಜೆಂಟ್ ಅಂದರೆ ಸಿಗಲ್ಲ. ದಿನದ ಲೆಕ್ಕದಲ್ಲಿ ದುಡ್ಡೂ ಜಾಸ್ತಿ. ಬಚ್ಚಲುಮನೆ ಇಕ್ಕಟ್ಟು, ವೀಲ್‌ಚೇರ್ ಒಳಗೆ ಹೋಗಲ್ಲ. ನಮ್ಮವನು ನಡೆಯುತ್ತಾನೆ, ಆದ್ದರಿಂದ ನಡೆಯಿತು.

ಮನೆಗೆ ಬರುವ ಅಟೆಂಡರ್ ಅಂದರೆ ತಮ್ಮನಿಗೆ ಅವನದೇ ಮಂಚ, ಅವನದೇ ತಟ್ಟೆ. ಅದು ನಿಜಕ್ಕೂ ದೊಡ್ಡ ಲಾಭ. ಆದರೆ ನಮಗೆ ಸಿಕ್ಕವರು ಹಾಸಿಗೆ ಹಿಡಿದ ಹಿರಿಯರನ್ನು ನೋಡಿ ಅಭ್ಯಾಸ ಇದ್ದವರು. ತಾನೇ ಕಲಸಿ ತಿನ್ನುವವನಿಗೆ ತುತ್ತು ಮಾಡಿ ತಿನ್ನಿಸಲು ಹೊರಟರು. ಮಧ್ಯದಲ್ಲಿ ಆಳೂ ಬದಲಾದರು. ಎಲ್ಲಕ್ಕಿಂತ ಹೆಚ್ಚಾಗಿ, ಅಮ್ಮ ಅದೇ ಮನೆಯಲ್ಲಿ ಇದ್ದರು. ತಮ್ಮ ಕೂಗಿದರೆ ಎದ್ದು ಬರೋದು ಅವರೇ ಅಲ್ವಾ? ವಿಶ್ರಾಂತಿ ಎಲ್ಲಿ ಬಂತು?

ದುಡ್ಡಿನ ಬಗ್ಗೆ ಒಂದು ಮಾತು. ಬೌದ್ಧಿಕ ಅಂಗವೈಕಲ್ಯದಂಥ ತೊಂದರೆ ಇರುವವರಿಗಾಗಿ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಇದೆ. ಅದರ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚಿಗೆ. ರೆಸ್ಪೈಟ್ ಶುಲ್ಕಕ್ಕೆ ಅದು ಬರಲ್ಲ. ತಂಗಲು ವ್ಯವಸ್ಥೆ ಬೇಕಾದ ಬಡ ಕುಟುಂಬಗಳು ಅದೇ ಟ್ರಸ್ಟ್‌ನ ಸಮರ್ಥ ಯೋಜನೆ (ಈಗ ಸಮರ್ಥ್-ಕಮ್-ಘರೌಂದಾ) ತಮ್ಮ ಜಿಲ್ಲೆಯಲ್ಲಿ ಇದೆಯಾ ಅಂತ ವಿಚಾರಿಸಿ. ಹದಿನೆಂಟು ದಾಟಿದವರಿಗೆ ಕೆಲವು ಕಡೆ ಕಾನೂನು ಪಾಲಕತ್ವದ, ಅಂದರೆ ಅವರ ಪರವಾಗಿ ತೀರ್ಮಾನ ಮಾಡುವ ಹೊಣೆ ಯಾರದು ಅನ್ನೋದರ, ಪ್ರಮಾಣಪತ್ರ ಕೇಳುತ್ತಾರೆ. ಅದನ್ನು ಕೊಡೋದು ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿ. ಬೇಕಾಗುವ ಮೊದಲೇ ಅರ್ಜಿ ಹಾಕಿಡಿ.

ಈಗ ಮೊದಲೇ ಗೊತ್ತಿರುವ ದಿನಗಳಿಗೆ ನಾವು ಗ್ರೂಪ್ ಹೋಮನ್ನೇ ಕೇಳ್ತೀವಿ. ದಿಢೀರ್ ಬಂದರೆ ಏಜೆನ್ಸಿ, ಆದರೆ ಅಮ್ಮ ಆ ದಿನಗಳಲ್ಲಿ ನನ್ನ ಮನೆಯಲ್ಲಿ ಇರ್ತಾರೆ. ದೊಡ್ಡ ಸಂಸ್ಥೆಯವರಿಗೆ, ರಾತ್ರಿ ಊಟದ ಹೊತ್ತಿಗೆ ಒಮ್ಮೆ ಬಂದು ನೋಡಲು ಬಿಡಿ ಅಂತ ಕೇಳಿದ್ದೇವೆ. ಭೇಟಿ ಸಮಯ ಐದು ಗಂಟೆವರೆಗೆ ಮಾತ್ರ ಅಂದರು. ಸದ್ಯಕ್ಕೆ ಅಲ್ಲಿಗೆ ಕಳಿಸುವುದಿಲ್ಲ.