ಮೈಸೂರಿನ ಮಕ್ಕಳ ಕಿಡ್ನಿ ಕ್ಲಿನಿಕ್: ಐದಕ್ಕೆ ನಾಲ್ಕು ಸ್ಟಾರ್

ಕೊಡಗಿನ ನಮ್ಮ ಮಾದಾಪುರದಿಂದ ಬೆಳಗಿನ ಜಾವವೇ ಹೊರಟರೆ ಟೋಕನ್ ಸಿಗುತ್ತದೆ. ಕುಶಾಲನಗರದಲ್ಲಿ ಟೀಗೆ ನಿಲ್ಲಿಸಿದರೆ ಇಲ್ಲ. ನಾನು ಜೀಪ್ ಡ್ರೈವರ್, ದಾರಿಯ ಲೆಕ್ಕ ತಪ್ಪಲ್ಲ. ಮಗನಿಗೆ 12 ವರ್ಷ, ಡಯಾಲಿಸಿಸ್ ಶುರು ಮಾಡಲೇಬೇಕಿತ್ತು.

ಮೊದಲು ತೋರಿಸುತ್ತಿದ್ದ ಕಡೆ ಅವನನ್ನು ಹೊರಗೆ ಕೂರಿಸಿ ನಮ್ಮಿಬ್ಬರ ಹತ್ತಿರ ಮಾತ್ರ ಮಾತಾಡುತ್ತಿದ್ದರು. ಬಾಗಿಲ ಸಂದಿಯಲ್ಲಿ ಅರ್ಧಂಬರ್ಧ ಕೇಳಿಸಿಕೊಂಡು ಅವನು ರಾತ್ರಿಯೆಲ್ಲಾ ನಿದ್ದೆ ಮಾಡುತ್ತಿರಲಿಲ್ಲ. ಇಲ್ಲಿ ಡಾಕ್ಟರ್ ಮೇಡಂ ಕುರ್ಚಿ ತಿರುಗಿಸಿದ್ದೇ ಅವನ ಕಡೆಗೆ. "ನಿನಗೆ ಏನಾಗಿದೆ, ನೀನೇ ಹೇಳು ನೋಡೋಣ" ಅಂದರು.

ನಮ್ಮ ಮುಂದೆ ಎರಡು ದಾರಿ ಇತ್ತು. ವಾರಕ್ಕೆ 3 ಸಲ ಬಂದು ಸುಮಾರು 4 ಗಂಟೆ ರಕ್ತದ ಡಯಾಲಿಸಿಸ್ ಮಾಡಿಸೋದು ಒಂದು. ಹೊಟ್ಟೆಗೆ ಟ್ಯೂಬ್ ಹಾಕಿಸಿ ಮನೆಯಲ್ಲೇ ಫ್ಲೂಯಿಡ್ ತುಂಬಿಸಿ ತೆಗೆಯೋದು ಇನ್ನೊಂದು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿದ್ದನ್ನು ಕಂಡವರು ನಾವು. ವಾರಕ್ಕೆ ಮೂರು ಸಲ ಮೈಸೂರು ಆಗದ ಮಾತು. ಮನೆಯಲ್ಲೇ, ರಾತ್ರಿ ಫ್ಲೂಯಿಡ್ ತುಂಬಿಸಿ ತೆಗೆಯೋ ಮೆಷಿನ್‌ನಲ್ಲಿ ಅಂತ ನಾನೂ ನನ್ನ ಹೆಂಡತಿಯೂ ತೀರ್ಮಾನ ಮಾಡಿಕೊಂಡೇ ಹೋಗಿದ್ದೆವು.

ನರ್ಸ್ ತಂದ ಬಟ್ಟೆ ಗೊಂಬೆಯ ಹೊಟ್ಟೆಯಲ್ಲೂ ಟ್ಯೂಬ್ ಇತ್ತು. ಅದನ್ನು ಎಳೆದು ನೋಡುತ್ತಾ ಮಗ ಕೇಳಿದ, "ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಮೆಷಿನ್?" ಜುಲೈಯಲ್ಲಿ ಮರ ಬಿದ್ದರೆ ನಮಗೆ ಎರಡು ದಿನ ಕತ್ತಲೆ. ದೊಡ್ಡವರಿಗೆ ಇದು ಹೊಳೆದೇ ಇರಲಿಲ್ಲ! ದಿನಕ್ಕೆ 4 ಸಲ ಕೈಯಲ್ಲೇ ಬ್ಯಾಗ್ ಬದಲಿಸಬಹುದು, ಎತ್ತರದಲ್ಲಿ ನೇತುಹಾಕಿದರೆ ಫ್ಲೂಯಿಡ್ ತಾನಾಗೇ ಇಳಿಯುತ್ತೆ ಅಂದರು ಮೇಡಂ. ಅದೇ ಆಯಿತು.

ಎಲ್ಲಾ ಅವನಿಷ್ಟಕ್ಕೆ ಬಿಟ್ಟರು ಅಂತಲ್ಲ. "ಬೇಸಿಗೆ ರಜೆಯಲ್ಲಿ ಮಾಡೋಣ" ಅಂತ ಅತ್ತ. "ಅಷ್ಟು ದಿನ ಕಾಯೋದು ನಿನ್ನ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ ಮರಿ" ಅಂದರು. ಸಹಿಯೂ ನನ್ನದೇ. ಆದರೆ ಟ್ಯೂಬ್ ಎಲ್ಲಿ ಹೊರಬರಬೇಕು ಅನ್ನೋದಕ್ಕೆ ಅವನನ್ನು ನಿಲ್ಲಿಸಿ, ಕೂರಿಸಿ, ಚಡ್ಡಿಯ ಪಟ್ಟಿ ಎಲ್ಲಿ ಒತ್ತುತ್ತೆ ನೋಡಿ ಪೆನ್ನಲ್ಲಿ ಗುರುತು ಹಾಕಿದರು. "ಎಡಗಡೆ ಬೇಡ, ಸ್ಕೂಲ್ ಬ್ಯಾಗ್ ತಗಲುತ್ತೆ" ಅಂದ. ಬಲಗಡೆಗೆ ಹೋಯಿತು.

ಒಂದು ಸ್ಟಾರ್ ಕಟ್ ಮಾಡಿದ್ದು ಊಟದ ಶೀಟಿಗೆ. ಪೂರ್ತಿ ಇಂಗ್ಲಿಷ್. ಕನ್ನಡ ಶಾಲೆಯ ಹುಡುಗ ಓದೋದು ಹೇಗೆ? ಪೊಟ್ಯಾಸಿಯಂ ಜಾಸ್ತಿ ಇರೋದರ ಪಟ್ಟಿಯಲ್ಲಿ ಕಣಿಲೆ (ಎಳೆ ಬಿದಿರು) ಇಲ್ಲ, ಮಳೆಗಾಲದಲ್ಲಿ ನಾವು ತಿನ್ನೋದೇ ಅದು ಅಲ್ವಾ? ಕೇಳಿದ ಮೇಲೆ ಕೈಯಲ್ಲಿ ಬರೆದುಕೊಟ್ಟರು. ಪಾರ್ಕಿಂಗ್ ವಿಷಯ ಸುಮ್ನೆ ಕೇಳಬೇಡಿ.

ಹೋಗುವವರು ಮಗುವಿನ ಯೂನಿಫಾರ್ಮ್ ಚಡ್ಡಿ ಹಾಕಿಸಿಕೊಂಡೇ ಹೋಗಿ. ಆ ಗುರುತು ಹಾಕಿಸೋದಕ್ಕೇ ನಾವು ಇನ್ನೊಂದು ಸಲ ಮೈಸೂರಿಗೆ ಹೋಗಬೇಕಾಯಿತು.