420 ಸಿಡಿಗಳು, ಮೂರು ದಾರಿ: ಅಂಗಡಿ, ಮಾಮೂಲಿ ಪ್ಲೇಯರ್, ಮನೆಯಲ್ಲೇ ಫ್ಲಾಕ್

ಮೊದಲೇ ಹೇಳಿಬಿಡುತ್ತೇನೆ. ಸಿಡಿಗಳನ್ನು ಮನೆಯಲ್ಲೇ ಕೂತು, ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ಉಚಿತ ತಂತ್ರಾಂಶದಿಂದ ಫ್ಲಾಕ್ (ದನಿ ಕುಂದದಂತೆ ಹಾಡು ಉಳಿಸುವ ಒಂದು ಬಗೆ) ಫೈಲುಗಳಾಗಿ ಇಳಿಸಿಕೊಳ್ಳಿ. ದುಡ್ಡು ಕಳೆದುಕೊಂಡ ಮೇಲೆ ನಾನು ಈ ಮಾತಿಗೆ ಬಂದೆ.

ಅಪ್ಪ ಕೂಡಿಟ್ಟದ್ದು, ನಾನು ಕೊಂಡದ್ದು ಸೇರಿ 420 ಸಿಡಿ. ಹಿಂದೂಸ್ತಾನಿಯೇ ಜಾಸ್ತಿ, ಉಳಿದದ್ದು ದಾಸರ ಪದ, ಭಾವಗೀತೆ. ಮೊದಲು 40 ಡಿಸ್ಕ್‌ಗಳನ್ನು ಒಂದು ಅಂಗಡಿಗೆ ಕೊಟ್ಟೆ, ಒಂದಕ್ಕೆ ₹30. ಎಂಪಿ3 ಮಾಡಿ ಪೆನ್‌ಡ್ರೈವ್‌ನಲ್ಲಿ ಕೊಟ್ಟರು. ಭೀಮಸೇನ ಜೋಶಿಯವರ ಖಯಾಲ್ ಹಚ್ಚಿದೆ. ನಿಧಾನದ ವಿಲಂಬಿತ ಮುಗಿದು ವೇಗದ ದ್ರುತ್ ಹಿಡಿಯುವ ಜಾಗದಲ್ಲಿ, ಅಂದರೆ ಒಂದು ಟ್ರ್ಯಾಕ್ ಮುಗಿದು ಇನ್ನೊಂದು ಶುರುವಾಗುವಲ್ಲಿ, ತಬಲಾ ಕಡಿದುಹೋಯಿತು. ಕಣ್ಣು ಮಿಟುಕಿಸುವಷ್ಟೇ ಹೊತ್ತು, ಆದರೆ ಎದೆಗೆ ಚುಚ್ಚಿತು. ಎಂಪಿ3 ಮಾಡುವಾಗ ಟ್ರ್ಯಾಕಿನ ತುದಿಗೆ ಚೂರು ಮೌನ ಸೇರುತ್ತದೆ. ಕೆಲವು ಪ್ಲೇಯರ್‌ಗಳು ಅದನ್ನು ಹಾರಿಸುತ್ತವೆ, ನಮ್ಮ ಕಾರಿನದು ಹಾರಿಸುವುದಿಲ್ಲ. ಫ್ಲಾಕ್‌ನಲ್ಲಿ ಆ ಮೌನ ಸೇರುವುದೇ ಇಲ್ಲ, ಸಿಡಿಯ ದನಿ ಒಂದಿಷ್ಟೂ ಕಳೆಯುವುದಿಲ್ಲ.

ಕಂಪ್ಯೂಟರ್ ಜೊತೆ ಬಂದ ಪ್ಲೇಯರ್ ಬೇಗ ಕೆಲಸ ಮುಗಿಸಿತು. ಆದರೆ ಗೀರು ಬಿದ್ದ ಡಿಸ್ಕ್‌ನಲ್ಲಿ ಟಕ್ ಟಕ್ ಸದ್ದು ಉಳಿಯಿತು, ಒಂದು ಎಚ್ಚರಿಕೆಯೂ ಬರಲಿಲ್ಲ. ಎಕ್ಸಾಕ್ಟ್ ಆಡಿಯೋ ಕಾಪಿ ಸೆಕ್ಯೂರ್ ಮೋಡ್‌ನಲ್ಲಿ ಪ್ರತಿ ತುಣುಕನ್ನೂ ಕನಿಷ್ಠ ಎರಡು ಸಲ ಓದುತ್ತದೆ, ಹೊಂದದಿದ್ದರೆ ಮತ್ತೆ ಮತ್ತೆ ಓದುತ್ತದೆ. ಕೊನೆಗೆ ಎಲ್ಲಿ ಕೆಟ್ಟಿತೆಂದು ವರದಿ ಕೊಡುತ್ತದೆ.

ನಿಜವಾದ ಕಾಟ ಹೆಸರುಗಳದು. ಇದು ಯಾವ ದಾರಿ ಹಿಡಿದರೂ ತಪ್ಪುವುದಿಲ್ಲ. ಹೆಸರುಗಳು ಅಂತರ್ಜಾಲದಿಂದ ತಾನಾಗೇ ಬರುತ್ತವೆ ಅಂತ ಸುಮ್ನೆ ನಂಬಿದ್ದೆ. ನಮ್ಮ ಹಳೆಯ ಕನ್ನಡ ಸಿಡಿಗಳಲ್ಲಿ ಹಲವಕ್ಕೆ ಏನೂ ಬರಲಿಲ್ಲ, ಬರೀ ಟ್ರ್ಯಾಕ್ 1, ಟ್ರ್ಯಾಕ್ 2. ಬಂದದ್ದೂ ಕಲಸುಮೇಲೋಗರ. ಇಂಗ್ಲಿಷ್ ಕಾಗುಣಿತ ಬೇರೆ ಬೇರೆ ಆಗಿ ಭೀಮಸೇನ ಜೋಶಿಯವರು ನಾಲ್ಕು ಜನ ಆಗಿದ್ದರು. ದಾಸರ ಪದಗಳ ಒಂದು ಡಿಸ್ಕ್‌ನಲ್ಲಿ ಹಾಡಿದವರ ಜಾಗಕ್ಕೆ ಪುರಂದರದಾಸರೇ ಬಂದು ಕೂತಿದ್ದರು. ರಾಗಕ್ಕೆ ಬೇರೆ ಖಾನೆಯೇ ಇರಲಿಲ್ಲ. ನಮಗೆ ಬೇಕಾದದ್ದು ಅದೇ ಅಲ್ವಾ?

ಎಂಪಿ3ಟ್ಯಾಗ್ ಎಂಬ ತಂತ್ರಾಂಶದಲ್ಲಿ ಎಲ್ಲ ತಿದ್ದಿದೆ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಕಲಾವಿದರಿಗೂ ಒಂದೇ ಕಾಗುಣಿತ ಬರೆದಿಟ್ಟುಕೊಂಡೆ. ಕಾಮೆಂಟ್ ಖಾನೆಗೆ ರಾಗ ಹಾಕಿದೆ. ಈಗ ತೋಡಿ ಅಂತ ಹುಡುಕಿದರೆ ಮನೆಯಲ್ಲಿರುವ ತೋಡಿಗಳೆಲ್ಲ ಸಾಲಾಗಿ ಬರುತ್ತವೆ. ಇದೊಂದಕ್ಕೇ ಪಟ್ಟ ಕಷ್ಟ ಸಾರ್ಥಕ. 60 ಡಿಸ್ಕ್‌ಗಳಿಗೆ ಎಲ್ಲವನ್ನೂ ಕನ್ನಡದಲ್ಲೇ ತುಂಬಿದ ಮೇಲೆ ಗೊತ್ತಾಯಿತು, ಕಾರಿನ ಪರದೆಯಲ್ಲಿ ಬರೀ ಚೌಕಗಳು ಕಾಣುತ್ತವೆ. ಹಾಗಾಗಿ ಫೋಲ್ಡರ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಹಾಡಿನ ಹೆಸರು ಕನ್ನಡದಲ್ಲಿ ಇಟ್ಟೆ.

ಖರ್ಚು: ಯುಎಸ್‌ಬಿ ಸಿಡಿ ಡ್ರೈವ್‌ಗೆ ₹1,500, ಎರಡು ಹಾರ್ಡ್‌ಡಿಸ್ಕ್‌ಗೆ ₹8,000. ಎಲ್ಲವನ್ನೂ ಅಂಗಡಿಗೇ ಕೊಟ್ಟಿದ್ದರೆ ₹12,600. ಜಾಗ ಸುಮಾರು 130 ಜಿಬಿ. ರಾತ್ರಿ ಊಟವಾದ ಮೇಲೆ ನಾಲ್ಕು ಡಿಸ್ಕ್‌ನಂತೆ ಮೂರೂವರೆ ತಿಂಗಳು ಹಿಡಿಯಿತು. ಅಷ್ಟು ತಾಳ್ಮೆ ಇಲ್ಲದವರು, ಇಪ್ಪತ್ತೇ ಸಿಡಿ ಇರುವವರು ಅಂಗಡಿಗೇ ಕೊಡಿ. ಫ್ಲಾಕ್ ಬೇಕೆಂದು ಮೊದಲೇ ಹೇಳಿ.

ಸಿಡಿ ಡಬ್ಬಿಯ ಒಳಗಿನ ಹಾಳೆಗಳನ್ನು ಮಾತ್ರ ಎಸೆಯಬೇಡಿ. ತಬಲಾ, ಹಾರ್ಮೋನಿಯಂ ಸಾಥ್ ಯಾರದು ಅಂತ ಅಲ್ಲೇ ಇರುತ್ತದೆ. ನಾನೀಗ ಅವುಗಳ ಫೋಟೋ ತೆಗೆದು ಆಯಾ ಫೋಲ್ಡರ್‌ಗೆ ಹಾಕುತ್ತಿದ್ದೇನೆ.