ದಿನದ ಓಡಾಟಕ್ಕೆ ಕಾರೋ, ಬಸ್ಸೋ, ಸೈಕಲ್ಲೋ?

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಲೀಟರಿಗೆ 15 ಕಿ.ಮೀ. ಓಡುವ ಕಾರಿನಲ್ಲಿ ಒಬ್ಬರೇ ಹೋದರೆ ಪ್ರತಿ ಕಿ.ಮೀ.ಗೆ 150 ಗ್ರಾಂ ನಿಮ್ಮ ಲೆಕ್ಕಕ್ಕೆ. ಅದೇ ಕಾರಿನಲ್ಲಿ ನಾಲ್ವರು ಕೂತರೆ ತಲೆಗೆ 40 ಗ್ರಾಂ ಕೂಡ ಬರುವುದಿಲ್ಲ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರ್‌ನಲ್ಲಿ ಒಬ್ಬರಿಗೆ 50 ಗ್ರಾಂ. ಅಂದರೆ ತುಂಬಿದ ಕಾರು ಒಂಟಿ ಸವಾರನ ಸ್ಕೂಟರ್‌ಗಿಂತ ವಾಸಿ! ಲೆಕ್ಕ ಹಾಕುವವರೆಗೆ ನಾನೂ ಇದನ್ನು ನಂಬಿರಲಿಲ್ಲ.

ಬಸ್ಸು ಡೀಸೆಲ್ ಜಾಸ್ತಿ ಕುಡಿಯುತ್ತದೆ, ನಿಜ. ಲೀಟರಿಗೆ 4 ಕಿ.ಮೀ. ಅಂತಲೇ ಇಟ್ಟುಕೊಳ್ಳಿ. 40 ಜನ ಹಂಚಿಕೊಂಡರೆ ತಲೆಗೆ 17 ಗ್ರಾಂ ಅಷ್ಟೇ. ಬಸ್ಸು ಅರ್ಧ ಖಾಲಿ ಇದ್ದರೂ ಹತ್ತಿ. ನೀವು ಬರದಿದ್ದರೂ ಅದು ಹೊರಡುತ್ತದೆ ಅಲ್ವಾ?

ಎಲೆಕ್ಟ್ರಿಕ್ ಗಾಡಿ ಓಡುವಾಗ ಹೊಗೆ ಬಿಡುವುದಿಲ್ಲ. ಆದರೆ ಕರೆಂಟ್ ಕಲ್ಲಿದ್ದಲಿನಿಂದ ಬಂದರೆ ಲಾಭ ಕಡಿಮೆ, ಬಿಸಿಲು ಗಾಳಿಯಿಂದ ಬಂದರೆ ಜಾಸ್ತಿ.

ಎರಡು ಮೂರು ಕಿ.ಮೀ. ದೂರಕ್ಕೆ ನನ್ನ ಆಯ್ಕೆ ಸೈಕಲ್ಲು, ಇಲ್ಲವೇ ನಡಿಗೆ. ತಣ್ಣಗಿರುವ ಇಂಜಿನ್ ಬಿಸಿಯಾಗುವವರೆಗೆ ಇಂಧನ ಜಾಸ್ತಿ ಸುಡುತ್ತದೆ. ಹಾಗಾಗಿ ಚಿಕ್ಕ ಓಡಾಟಕ್ಕೇ ಕಾರು ತೀರಾ ದುಬಾರಿ.